ನಮ್ಮ ಭಾವನ ಮೇಜರ್ ಲೀಗ್

ನಮ್ಮ ವಂಶದಲ್ಲಿ ಬೇಸ್‌ಬಾಲ್ ಆಡಿದವರು ಒಬ್ಬರೇ, ನಮ್ಮ ಭಾವ. ಅದೂ ಮೇಜರ್ ಲೀಗಿನಲ್ಲಿ, ಚೆಂಡೆಸೆಯುವ ಪಿಚರ್ ಆಗಿ! ಅವರ ಕ್ರೀಡಾಜೀವನ ಒಂದು ಶುಕ್ರವಾರ ತಿಂಡಿಯ ಹೊತ್ತಿಗೆ ಶುರುವಾಗಿ ಊಟಕ್ಕೆ ಮೊದಲೇ ಮುಗಿಯಿತು ಎಂಬುದು ಬೇರೆ ಮಾತು. ಆ ಚೆಂಡಿನ ಸದ್ದು ಇವತ್ತಿಗೂ ನನ್ನ ಎಡಗಿವಿಯ ಪಕ್ಕ ಸುಳಿಯುತ್ತದೆ. ಬಿ.ಎಸ್ಸಿ.ಯಲ್ಲಿ ಓದಿದ ವೇಗ, ದಿಕ್ಕುಗಳ ಸೂತ್ರ ಒಂದೂ ಆಗ ನೆರವಿಗೆ ಬರಲಿಲ್ಲ.

ಎಂಬತ್ತರ ದಶಕದ ಕೊನೆ. ಕೊಲ್ಲಿ ದೇಶದ ರುಸೈಲ್‌ನ ಪೈಪ್ ಕಾರ್ಖಾನೆಯಲ್ಲಿ ನಾನು ಲ್ಯಾಬಿನಲ್ಲಿ, ಅಕ್ಕನ ಗಂಡ ಸ್ಟೋರಿನಲ್ಲಿ. ಭಾವನಿಗೆ ಯಾವುದನ್ನೂ ಕೈಗೆ ಕೊಟ್ಟು ಗೊತ್ತಿಲ್ಲ, ಎಲ್ಲ ಎಸೆತವೇ! ನಟ್ಟು ಕೇಳಿದರೆ ಕಪಾಟಿನ ಆಚೆಯಿಂದ ಹಾರಿ ಬಂದು ಅಂಗೈಯಲ್ಲಿ ಕೂರುತ್ತಿತ್ತು. ರೂಮಿನಲ್ಲಿ ಕುಬ್ಬೂಸ್ ರೊಟ್ಟಿ ಒಲೆಯ ಬಳಿಯಿಂದ ನೇರ ನನ್ನ ತಟ್ಟೆಗೆ.

"ಮೂಲ್ಕಿಯಲ್ಲಿ ಲಗೋರಿ ಆಡುವಾಗ ನನ್ನಿಂದ ಬೆನ್ನು ಉಳಿಸಿಕೊಂಡವ ಒಬ್ಬ ಇಲ್ಲ, ಗೊತ್ತುಂಟಾ?"

ನಮ್ಮ ಮ್ಯಾನೇಜರ್ ದಿಲ್ಲಿಯವರು, ಅಮೆರಿಕದಲ್ಲಿ ಓದಿದವರು. ಕ್ರಿಕೆಟ್ ಅವರಿಗೆ ಕೂಲಿಗಳ ಆಟ. ಕಾರ್ಖಾನೆಯ ಹಿಂದಿನ ಮರಳಿಗೆ ಬೇಸ್‌ಬಾಲ್ ತಂದರು. ಆಫೀಸರುಗಳದು ಮೇಜರ್ ಲೀಗ್, ಉಳಿದವರದು ಮೈನರ್. ಮೆಸ್ಸಿನ ಅಕ್ಕಿಗೇ ಗ್ರೇಡ್ ಇದ್ದ ಮೇಲೆ ಚೆಂಡಿಗೆ ಬೇಡವೇ? ಮೇಜರ್‌ಗಳಲ್ಲಿ ಎಸೆಯಬಲ್ಲವರು ಒಬ್ಬರೂ ಇರಲಿಲ್ಲವಾಗಿ ಭಾವನಿಗೆ ಬಡ್ತಿ ಸಿಕ್ಕಿತು. ಸಂಬಳಕ್ಕಲ್ಲ, ಎಸೆತಕ್ಕೆ ಮಾತ್ರ!

ಭಾವ ಒಪ್ಪಿದ್ದಕ್ಕೆ ಕಾರಣವಿತ್ತು. ಅಕ್ಕನನ್ನೂ ಊರಿನಲ್ಲಿ ಹುಟ್ಟಿದ ಮಗಳನ್ನೂ ಕರೆಸಿಕೊಳ್ಳಲು ಮ್ಯಾನೇಜರ್ ಹೂಂ ಅನ್ನಬೇಕಿತ್ತು. ಮಗಳನ್ನು ಭಾವ ಫೋಟೋದಲ್ಲಷ್ಟೇ ಕಂಡಿದ್ದರು.

"ಸಾಹೇಬರನ್ನು ಒಮ್ಮೆ ಖುಷಿ ಮಾಡುವ ಮಾರಾಯ. ವೀಸಾ ಅದರಷ್ಟಕ್ಕೇ ಬರ್ತದೆ."

ಮ್ಯಾನೇಜರ್ ಬ್ಯಾಟ್ ಹಿಡಿದರು. ಚೆಂಡು ಹಿಡಿಯಲು ಅವರ ಹಿಂದೆ ಕುಕ್ಕರಗಾಲಿನಲ್ಲಿ ನಾನು. ಮೊದಲ ಎಸೆತ ನನ್ನ ಕಿವಿ ಸವರಿಕೊಂಡು ಹಿಂದಿನ ತಗಡಿನ ಷೆಡ್ಡಿಗೆ ಗುದ್ದಿತು. ಮುಂದಿನದು ಬ್ಯಾಟಿಗೆ ತಾಗಿ ಭಾವನ ಕಾಲಬುಡಕ್ಕೇ ಉರುಳಿತು. ಮ್ಯಾನೇಜರ್ ಓಡಿದರು. ಬೇಸ್ ಎಂದು ಇಟ್ಟಿದ್ದ ಸಿಮೆಂಟ್ ಚೀಲದ ಬಳಿ ಅಕೌಂಟೆಂಟ್ ಕೈಚಾಚಿ ನಿಂತಿದ್ದರು. ಮ್ಯಾನೇಜರ್ ಚೀಲ ಮುಟ್ಟುವ ಮೊದಲೇ ಚೆಂಡು ಅಕೌಂಟೆಂಟ್ ಕೈ ಸೇರಬೇಕು, ಅದೇ ನಿಯಮ.

"ಯಲ್ಲಾ, ಇಧರ್ ಫೇಂಕೋ!" ಬೇಗ ಇತ್ತ ಎಸೆ ಎಂದು ಅವರು ಕೂಗಿಯೂ ಕೂಗಿದರು. ಆದರೆ ಓಡುವ ಬೆನ್ನು ಕಂಡ ಲಗೋರಿ ಕೈ ನಿಂತೀತೇ? ಕಲ್ಲಿನಂಥ ಚೆಂಡು ಮ್ಯಾನೇಜರ್ ಭುಜಗಳ ನಡುವೆ ಧಡ್ ಎಂದಿತು.

"ಔಟ್!" ಎಂದು ಭಾವ ಕುಣಿದರು.

ಮ್ಯಾನೇಜರ್ ಮರಳಿನಲ್ಲಿ ಬೋರಲು ಬಿದ್ದಿದ್ದರು. ಅಲುಗಾಟವಿಲ್ಲ.

"ಖಲಾಸ್," ಎಂದರು ಅಕೌಂಟೆಂಟ್. ಮ್ಯಾನೇಜರೋ, ಭಾವನ ವೀಸಾವೋ, ಕೇಳುವ ಧೈರ್ಯ ಯಾರಿಗಿತ್ತು? ನಾನು ಓಡಿಹೋಗಿ ಮೂಗಿನ ಬಳಿ ಬೆರಳಿಟ್ಟೆ. ಉಸಿರಿತ್ತು. ನಿಂತದ್ದು ನನ್ನದು.

ಭಾವ ಮಂಡಿಯೂರಿ ಅವರ ಬೆನ್ನು ಸವರಿದರು, ಊದಿದರು, ಮೆಲ್ಲಗೆ ತಟ್ಟತೊಡಗಿದರು. "ದಾಲ ಆತಿಜ್ಜಿ, ದಾಲ ಆತಿಜ್ಜಿ." ಏನೂ ಆಗಿಲ್ಲ, ಏನೂ ಆಗಿಲ್ಲ ಎಂದು ತುಳುವಿನಲ್ಲಿ ಮಗುವನ್ನು ಸಮಾಧಾನ ಮಾಡುವ ಹಾಗೆ.

ಮ್ಯಾನೇಜರ್ ಮುಖವೆತ್ತದೆ ಹಿಂದಿಯಲ್ಲಿ ಕೇಳಿದರು: "ಮಕ್ಕಳಿದ್ದಾರಾ?"

"ಒಬ್ಬಳು, ಸಾಬ್. ಇನ್ನೂ ಮುಟ್ಟಿ ನೋಡಿಲ್ಲ."

ಅವರು ಎದ್ದು ಕೂತು ಮರಳು ಕೊಡವಿಕೊಂಡರು. "ಇನ್ನು ಆಟಕ್ಕೆ ಬರಬೇಡ," ಎಂದರು. "ಅವಳನ್ನು ಕರೆಸಿಕೋ."

ಸೀಬ್ ವಿಮಾನ ನಿಲ್ದಾಣದಲ್ಲಿ ಅಕ್ಕ ಮಗುವನ್ನು ಮುಂದೆ ಚಾಚಿದಾಗ ಭಾವ ಹಿಂದೆ ಸರಿದರು. ಅಂಗೈಗಳನ್ನು ಪ್ಯಾಂಟಿಗೆ ಒರೆಸಿಕೊಂಡರು.

"ನೀನೂ ಅಡಿಯಲ್ಲಿ ಕೈ ಹಿಡಿ ಮಾರಾಯ," ಎಂದು ನನಗೆ ಹೇಳಿದರು. "ಈ ಕೈಗೆ ಎಸೆದು ಮಾತ್ರ ಗೊತ್ತುಂಟು."