ತೆಂಗಿನೆಣ್ಣೆ ಶೀಶೆಯ ಅನುಮತಿಯಂತೆ ಮೇಲೆದ್ದ ಟ್ರ್ಯಾಕ್ಟರ್ ತೋಳಿನ ಬಗ್ಗೆ

ಕನ್ನಡಿಗರ ಗೋಶಾಲೆ, ಕ್ರೈಸ್ಟ್‌ಚರ್ಚ್ ಹೊರವಲಯ, ನ್ಯೂಜಿಲೆಂಡ್
ಯಂತ್ರೋಪಕರಣ ವಿಭಾಗ

ಸಂಖ್ಯೆ: ಯಂವಿ/ಹೈಡ್ರಾಲಿಕ್/ಚಳಿ/೧೯
ದಿನಾಂಕ: ೧೪ ಜುಲೈ ೨೦೨೫

ವಿಷಯ: ಕೊರೆಯುವ ಚಳಿಯಲ್ಲಿ ಹೈಡ್ರಾಲಿಕ್ ತೋಳು ಮೇಲೇರಿ, ಕೆಳಗಿಳಿಯಲು ಒಪ್ಪದಿರುವ ಬಗ್ಗೆ.

ಉಲ್ಲೇಖ: (೧) ಈ ವಿಭಾಗದ ಏಪ್ರಿಲ್ ತಿಂಗಳ ತೆಂಗಿನೆಣ್ಣೆ ಸುತ್ತೋಲೆ.
(೨) ಚಾಲಕಿ ಶ್ರೀಮತಿ ಅಂಬುಜಾ ಅವರ ವಿವರಣೆ.
(೩) ಹಸುಗಳ ಮನವಿ, ಮೌಖಿಕ.

ಶೆಡ್ಡಿನಲ್ಲಿರುವ ತೆಂಗಿನೆಣ್ಣೆ ಶೀಶೆ ಗಟ್ಟಿಯಾಗಿರುವ ದಿನ ಹೈಡ್ರಾಲಿಕ್ ಎಣ್ಣೆಯೂ ಗಟ್ಟಿಯಾಗಿದೆಯೆಂದು ಭಾವಿಸಿ ಟ್ರ್ಯಾಕ್ಟರನ್ನು ಮುಟ್ಟತಕ್ಕದ್ದಲ್ಲವೆಂದು ಉಲ್ಲೇಖ (೧)ರಲ್ಲಿ ಆದೇಶಿಸಲಾಗಿತ್ತು. ಸದರಿ ಎಣ್ಣೆಯು ಅಂದಿನಿಂದ ಒಮ್ಮೆಯೂ ಕರಗಿರುವುದಿಲ್ಲ. ತಳ್ಳುಗಾಡಿಯಲ್ಲಿ ಒಯ್ದ ಮೇವು ಸಾಲದೆ ಹಸುಗಳು ಬಡವಾಗುತ್ತಿರುವುದನ್ನೂ, ಗೌರಿ ಎಂಬ ಹಿರಿಯ ಹಸುವು ಕಚೇರಿಯ ಕಿಟಕಿಯನ್ನೇ ನೋಡುತ್ತ ನಿಲ್ಲುವುದನ್ನೂ ಗಮನಿಸಲಾಗಿದೆ.

ಆದ್ದರಿಂದ ಇಂದು ಬೆಳಿಗ್ಗೆ ಶೀಶೆಯನ್ನು ಕಚೇರಿಯ ಹೀಟರ್ ಪಕ್ಕಕ್ಕೆ ವರ್ಗಾಯಿಸಲಾಯಿತು. ಎಣ್ಣೆ ಕರಗಿತು. ಅನುಮತಿ ನೀಡಲಾಯಿತು. ಹೊರಗೆ ಸೊನ್ನೆಗಿಂತ ಆರು ಡಿಗ್ರಿ ಕೆಳಗಿನ ಚಳಿಯಲ್ಲಿ ತೋಳು ಹುಲ್ಲನ್ನು ಬಿಗಿದು ಸುತ್ತಿದ ದುಂಡನೆಯ ಭಾರೀ ಕಟ್ಟನ್ನು, ಅಂದರೆ ಬೇಲನ್ನು, ಎತ್ತಿಕೊಂಡು, ಯಂತ್ರಾಧಿಕಾರಿಗಳ ಕಾರಿನ ಪಕ್ಕದಲ್ಲಿ, ತಲೆಗಿಂತ ಎತ್ತರಕ್ಕೆ ನಿಂತುಬಿಟ್ಟಿದೆ.

“ಕರಗಿದೆ, ಎತ್ತಮ್ಮ ಅಂತ ನೀವೇ ಅಂದ್ರಿ ಸಾರ್, ಎತ್ತಿದೆ. ಎಣ್ಣೇಲಿ ನೀರು ಸೇರಿತ್ತು ಅನ್ಸುತ್ತೆ, ವಾಲ್ವಲ್ಲಿ ಐಸ್ ಕಟ್ಕೊಂಡಿದೆ. ಇಳಿಸೋದು ಹೇಗೆ ಅಂತ ಆ ಶೀಶೇನೇ ಕೇಳಿ” ಎಂಬ ಚಾಲಕಿಯವರ ವಿವರಣೆಯನ್ನು, ಕೊನೆಯ ವಾಕ್ಯದ ಹೊರತು, ಅಂಗೀಕರಿಸಲಾಗಿದೆ.

ಈ ಹಿನ್ನೆಲೆಯಲ್ಲಿ ಕೆಳಕಂಡಂತೆ ಸೂಚಿಸಲಾಗಿದೆ:

೧. ಬೇಲು ನೆಲ ಮುಟ್ಟುವವರೆಗೆ ಮೇವು ವಿತರಣೆಯಾಗಿದೆಯೆಂದು ಬರೆಯತಕ್ಕದ್ದಲ್ಲ. ಹಸುಗಳು ಅದನ್ನು ನೋಡಿರುವುದನ್ನು ತಿಂದಿರುವುದೆಂದು ಪರಿಗಣಿಸಲಾಗದು.

೨. ಪೈಪುಗಳ ಮೇಲೆ ಕುದಿನೀರು ಸುರಿಯುವುದು, ಪಂಪಿನ ಬಳಿ ಆರತಿ ಎತ್ತುವುದು ನಿಷಿದ್ಧ. ಪಂಪಿಗೆ ಮಂಕಿ ಕ್ಯಾಪ್ ತೊಡಿಸಿದವರು ಅರ್ಜಿ ಸಲ್ಲಿಸಿ ಹಿಂಪಡೆಯತಕ್ಕದ್ದು.

೩. ಇನ್ನು ಮುಂದೆ ಎಂಜಿನನ್ನು ನಿಧಾನಗತಿಯಲ್ಲಿ ಓಡಲು ಬಿಟ್ಟು, ಎಣ್ಣೆ ಬೆಚ್ಚಗಾಗುವ ಅವಧಿಯನ್ನು ಭಾಮಿನಿ ಷಟ್ಪದಿಯ ವಾಚನದಿಂದ ಅಳೆಯತಕ್ಕದ್ದು. ರಾಗ ಬಿಟ್ಟು ಗಡಿಬಿಡಿಯಲ್ಲಿ ಓದಿದ ಪದ್ಯಗಳು ಅಸಿಂಧು. ಹಲ್ಲು ಕಟಕಟಿಸಿದ್ದರಿಂದ ಹೆಚ್ಚಾದ ಮಾತ್ರೆಗಳನ್ನು ಲೆಕ್ಕಕ್ಕೆ ಹಿಡಿಯಲಾಗದು.

೪. ಚಳಿಗಾಲದ ತೆಳು ಎಣ್ಣೆಯನ್ನು ಡಿಸೆಂಬರಿನಲ್ಲೇ ತುಂಬುವ ಪದ್ಧತಿಯು ಮೈಸೂರಿನಿಂದ ಯಥಾವತ್ತಾಗಿ ಬಂದಿರುತ್ತದೆ. ಇಲ್ಲಿ ಡಿಸೆಂಬರ್ ಬೇಸಿಗೆಯೆಂಬ ಆಕ್ಷೇಪಣೆಯನ್ನು ಡಿಸೆಂಬರಿನಲ್ಲಿ ಪರಿಶೀಲಿಸಲಾಗುವುದು.

೫. ಚಾಲಕಿಯವರು ಇಳಿಸುವ ಕಡೆಗೆ ಒತ್ತಿಟ್ಟಿರುವ ಲಿವರನ್ನು, ಯಂತ್ರಾಧಿಕಾರಿಗಳು ಖುದ್ದು ವಿಚಾರಣೆ ಮುಗಿಸುವವರೆಗೆ, ಯಾರೂ, ಯಾವ ಕಾರಣಕ್ಕೂ ಮುಟ್ಟತಕ್ಕದ್ದಲ್ಲ.

೬. ತೋಳಿನ ಆಸುಪಾಸಿಗೆ ಯಾರೂ ಸುಳಿಯತಕ್ಕದ್ದಲ್ಲ. ಕಾರಿನಲ್ಲಿ ಊಟದ ಡಬ್ಬಿ ಉಳಿದಿರುವ ಅಧಿಕಾರಿಗಳಿಗೆ ಇದು ಅನ್ವಯಿಸುವುದಿಲ್ಲ.

ತಿದ್ದುಪಡಿ (ಮಧ್ಯಾಹ್ನ): ಬಿಸಿಲೇರಿ ವಾಲ್ವಿನ ಐಸ್ ಕರಗಿದ್ದು, ತೋಳು ತಾನಾಗಿಯೇ ಮೆಲ್ಲಗೆ ಇಳಿದು ಬೇಲನ್ನು ಕಾರಿನ ಒಂದು ಬದಿಯ ಬಾಗಿಲುಗಳಿಗೆ ಒರಗಿಸಿದೆ. ಇನ್ನೊಂದು ಬದಿಯ ಬಾಗಿಲುಗಳು ಗೋಡೆಗೆ ತಾಗಿವೆ. ಆ ಸಮಯದಲ್ಲಿ ಯಂತ್ರಾಧಿಕಾರಿಗಳು ಡಬ್ಬಿಯೊಂದಿಗೆ ಕಾರಿನೊಳಗಿದ್ದರು. ಬೇಲನ್ನು ಮತ್ತೆ ಎತ್ತಲು ಕೋರಲಾಗಿ, ಚಾಲಕಿಯವರು “ಲಿವರ್ ಮುಟ್ಟೋ ಹಾಗಿಲ್ವಲ್ಲ ಸಾರ್, ಐದನೇ ಅಂಶ” ಎಂದು ಗೌರವಪೂರ್ವಕವಾಗಿ ತಿಳಿಸಿರುತ್ತಾರೆ. ಆದ್ದರಿಂದ ಹಸುಗಳು ಬೇಲನ್ನು ತಿಂದು ಮುಗಿಸುವವರೆಗೆ ಈ ಕಚೇರಿಯು ಕಾರಿನೊಳಗಿನಿಂದ ಕಾರ್ಯನಿರ್ವಹಿಸಲಿದೆ.

ಸಹಿ/-
ರಾಮಮೂರ್ತಿ
ಯಂತ್ರಾಧಿಕಾರಿ
ಶಿಬಿರ: ಸ್ವಂತ ಕಾರು

ಪ್ರತಿಗಳು:
೧. ಶ್ರೀಮತಿ ಅಂಬುಜಾ, ಚಾಲಕಿ: ಕಾರಿನ ಕಿಟಕಿಯ ಸಂದಿಯಿಂದ.
೨. ತೆಂಗಿನೆಣ್ಣೆ ಶೀಶೆ: ಶೆಡ್ಡಿನಲ್ಲಿ ಕೂಡಲೇ ಕರ್ತವ್ಯಕ್ಕೆ ಹಾಜರಾಗಲು.
೩. ಗೌರಿ ಮತ್ತು ಸಂಗಡಿಗರು: ತುರ್ತು ಕ್ರಮಕ್ಕಾಗಿ. ಬಾಗಿಲ ಕಡೆಯಿಂದ ಆರಂಭಿಸಲು ಕೋರಿದೆ.