ಕೆಮ್ಮಿದರೆ ಹತ್ತುವ ದೀಪ

ನಮ್ಮ ಕಾಕಾ ಮದುವೆಯಾದಂದಿನಿಂದ ಹೆಂಡತಿಯನ್ನು ಒಮ್ಮೆಯೂ ಕರೆದಿಲ್ಲ ಎಂದರೆ ನೀವು ನಂಬುತ್ತೀರಾ? ಕರೆಯುವುದೇಕೆ, ಕೆಮ್ಮಿದರೆ ಸಾಲದೇ! ಸಾಂಗಲಿಯ ಅರಿಶಿನ ಪೇಟೆಯಲ್ಲಿ ವ್ಯಾಪಾರ ಮುಗಿಸಿ, ಮಿರಜದ ಮನೆಯ ಹೊಸ್ತಿಲಲ್ಲಿ ನಿಂತು "ಹುಂ... ಹುಂ" ಎಂದರೆ, ಕಾಕು ನೀರಿನ ತಂಬಿಗೆಯೊಂದಿಗೆ ಹಾಜರು.

ಬರಬರುತ್ತ ಕಾಕುವಿನ ಕಿವಿ ಮಂದವಾಯಿತು. ಕಿವಿಗಿಡುವ ಯಂತ್ರ ಆಕೆಗೆ ಒಗ್ಗಲಿಲ್ಲ. ಕಾಕಾ ಕೆಮ್ಮಿಯೇ ಕೆಮ್ಮಿದರು. ಓಣಿಯವರೆಲ್ಲ ಔಷಧ ಹಿಡಿದು ಬಂದರು, ಕಾಕು ಮಾತ್ರ ಬರಲಿಲ್ಲ! ಹೀಗೆ ನಮ್ಮ ಕಾಕಾ ಎಲೆಕ್ಟ್ರಾನಿಕ್ಸ್‌ಗೆ ಇಳಿದರು. ಹೊಸ್ತಿಲಲ್ಲಿ ಕೆಮ್ಮಿದರೆ ಅಡುಗೆಮನೆಯಲ್ಲಿ ದೀಪ ಹತ್ತಬೇಕು, ಅಷ್ಟೇ. ಮೊಬೈಲಿನಲ್ಲಿ ವಿಡಿಯೊ ನೋಡಿ ನೋಡಿ ನಕ್ಷೆ ಮಾಡಿ, ಸರ್ಕ್ಯೂಟ್ ಬೋರ್ಡಿಗೆ ಆರ್ಡರ್ ಕೊಟ್ಟರು.

ಪಾರ್ಸಲ್ ಶುಕ್ರವಾರ ಬಂತು. "ಸೋಮವಾರದ ತನಕಾ ಯಾರೂ ಮುಟ್ಟಬ್ಯಾಡ್ರಿ!" ಎಂದು ಕಾಕಾರ ಅಪ್ಪಣೆ; ಶಿವನ ವಾರವೇ ಬಿಚ್ಚಬೇಕಂತೆ. ಮೂರು ದಿನ ಅದು ದೇವರ ಜಗಲಿಯ ಮೇಲೆ ಊದಿನಕಡ್ಡಿಯ ಹೊಗೆ ಕುಡಿಯಿತು. ಬಿಚ್ಚಿದರೆ, ಬೇಕಾದದ್ದು ಒಂದು, ಬಂದದ್ದು ಐದು ಹಸಿರು ಹಲಗೆ; ಐದಕ್ಕಿಂತ ಕಡಿಮೆ ಮಾಡಿಕೊಡುವುದಿಲ್ಲವಂತೆ. ಕಾಕಾ ಒಂದನ್ನೆತ್ತಿ ಮೂಸಿದರು, ಬೆಳಕಿಗೆ ಹಿಡಿದರು, ಆಮೇಲೆ ಅರಿಶಿನದ ಕೊಂಬಿನಂತೆ ಟಕ್ ಎಂದು ಮುರಿದೇಬಿಟ್ಟರು!

"ಕಾಕಾ! ಏನ್ ಮಾಡಿದ್ರಿ?"

"ಸ್ಯಾಂಪಲ್ ನೋಡಿದ್ನೋ ತಮ್ಮಾ. ಮಾಲ್ ಚಲೋ ಐತಿ. ಹಸಿ ಇಲ್ಲ."

ಎರಡನೆಯದಕ್ಕೆ ಬಿಡಿಭಾಗಗಳನ್ನೆಲ್ಲ ಬೆಸೆದಾಯಿತು. ಆದರೆ ಹೊಸ ವಸ್ತು ವಿಭೂತಿ ಹಚ್ಚದೆ ಆ ಮನೆಯಲ್ಲಿ ಚಾಲೂ ಆಗುವುದುಂಟೇ? ಕಾಕಾ ನೀರಲ್ಲಿ ಕಲಸಿದ ವಿಭೂತಿಯನ್ನು ಬೋರ್ಡಿನ ಹಣೆಗೆ ಮೂರು ಬೆರಳಲ್ಲಿ ಎಳೆದರು. ಅವರ ಮನೆಯಲ್ಲೇ ಇದ್ದು ಆಗಷ್ಟೇ ಬಿಎಸ್ಸಿ ಮುಗಿಸಿದ್ದ ನಾನು ಹೌಹಾರಿದೆ.

"ಈಗ ಹಸಿ ಐತ್ರಿ ಕಾಕಾ! ಒಣಗಲಿ ತಡೀರಿ!"

"ದೇವರ ಮುಂದ ನಿನ್ನ ಬಿಎಸ್ಸಿ ತರಬ್ಯಾಡ" ಎನ್ನುತ್ತ ಸ್ವಿಚ್ ಒತ್ತಿದರು.

ಢಂ! ಬೋರ್ಡಿನ ಮೇಲಿದ್ದ ಪುಟ್ಟ ಡಬ್ಬಿಯೊಂದು ಸಿಡಿದು, ಕಾಕಾರ ಕಿವಿ ಸವರಿ, ಹಿಂದಿನ ಬಸವಣ್ಣನ ಪಟದ ಗಾಜು ಪುಡಿ ಮಾಡಿತು. ಹೊಗೆಯೊಳಗೆ ಅವರ ಕೈ, ಕರೆಂಟಿದ್ದ ತಂತಿಯ ಕಡೆಗೇ ತಡಕಾಡುತ್ತಿತ್ತು. ಪ್ಲಗ್ ಕಿತ್ತದ್ದು ನಾನೇ ಇರಬೇಕು, ನೆನಪಿಲ್ಲ. ಆ ಕೈ ಮಾತ್ರ ನೆನಪಿದೆ. ಈಗಲೂ ಕುಕ್ಕರ್ ಸೀಟಿ ಹೊಡೆದರೆ ಆ ಕೈಯೇ ಕಾಣುತ್ತದೆ.

ಪಕ್ಕದ ಅಡುಗೆಮನೆಯಲ್ಲಿ ಕಾಕು ನಮಗೆ ಬೆನ್ನು ಹಾಕಿ ಪಟಪಟ ರೊಟ್ಟಿ ತಟ್ಟುತ್ತಿದ್ದರು. ತಿರುಗಲಿಲ್ಲ. ಕಾಕಾ ಆ ಬೆನ್ನನ್ನೇ ನೋಡಿದರು.

"ನೋಡಿದೇನೋ? ಇದೂ ಕೇಳಲಿಲ್ಲ ಆಕಿಗೆ."

ಮೂರನೆಯ ಬೋರ್ಡನ್ನು ಪ್ಲಾಸ್ಟಿಕ್ ಡಬ್ಬಿಯೊಳಗೆ ಕೂರಿಸಿದೆವು; ವಿಭೂತಿ ಬಿದ್ದದ್ದು ಆ ಡಬ್ಬಿಯ ಹೊರಗೆ, ಅದೂ ಒಣದು! ದೀಪ ಹತ್ತಿತು. ನಾಯಿ ಬೊಗಳಿದರೂ ಹತ್ತುತ್ತದೆ, ಬದನೆಕಾಯಿ ಮಾರುವವ ಕೂಗಿದರೂ ಹತ್ತುತ್ತದೆ. ಕಾಕಾ ಕೆಮ್ಮಿದರೆ ಮಾತ್ರ ಅದರ ಮರ್ಜಿ.

ಈಗ ನನ್ನ ಮನೆ ಕುಪವಾಡದಲ್ಲಿದೆ. ಮೊನ್ನೆ ಮಿರಜಕ್ಕೆ ಹೋದಾಗ ಕಾಕು ಅಡುಗೆಮನೆಯ ಕಿಟಕಿಯ ಬಳಿ ತಂಬಿಗೆ ಹಿಡಿದು ಸುಮ್ಮನೆ ನಿಂತಿದ್ದರು. ಹೊರಗೆ ಕಾಕಾ ಕೆಮ್ಮುತ್ತಿದ್ದರು. ಕಾಕಾ ಬಂದಿದ್ದಾರೆ ಎಂದು ಸನ್ನೆ ಮಾಡಿದೆ.

"ಕಾಣಾಕತ್ತಾರಲ್ಲೋ ಕಿಡಕ್ಯಾಗ," ಎಂದರು ಕಾಕು. "ದೀಪ ಹತ್ತಲಿ ತಡಿ. ಹತ್ತೂದಕ್ಕಿಂತ ಮೊದಲ ಹೋದ್ನಿ ಅಂದ್ರ, ಕೆಟ್ಟೈತಿ ಅಂತ ಮತ್ತ ಬಿಚ್ಚಿಕೊಂಡ ಕುಂದರತಾರ. ಅವತ್ತ ಆ ಗಾಜ ಬಳದಾಕಿ ನಾನ ಅಲ್ಲೇನು?"

ಹೊರಗೆ ಇನ್ನೊಂದು ಕೆಮ್ಮು. ದೀಪ ಹತ್ತಿತು. ಕಾಕು ಸೆರಗು ಸರಿಮಾಡಿಕೊಂಡು, ಆಗಷ್ಟೇ ಗೊತ್ತಾದವರಂತೆ ಓಡಿದರು.