ನೀಲವ್ವನ ವಂದನಾರ್ಪಣೆ

ಬಸವನ ಬಾಗೇವಾಡಿಯಲ್ಲಿ ಮೂರು ದಿನದ ಶಿಕ್ಷಕರ ಶಿಬಿರ ಮುಗಿಸಿ ಬಸ್ಸು ಹತ್ತಿದಾಗ, ದೇಶದ ಭವಿಷ್ಯ ನನ್ನ ಕೈಚೀಲದಲ್ಲಿದೆ ಎಂಬ ಬಗ್ಗೆ ನನಗೆ ಯಾವ ಸಂಶಯವೂ ಇರಲಿಲ್ಲ. ನೋಟುಬುಕ್ಕಿನಲ್ಲಿ ಮೂರೇ ಮಾತು ಬರೆದುಕೊಂಡಿದ್ದೆ. ಮಕ್ಕಳಲ್ಲಿ ಭರವಸೆ ಬೆಳೆಸಬೇಕು, ಆತ್ಮವಿಶ್ವಾಸ ಬೆಳೆಸಬೇಕು, ಕೃತಜ್ಞತೆ ಬೆಳೆಸಬೇಕು. ಇಷ್ಟೇ ತಾನೆ? ಸಿಂದಗಿ-ಇಂಡಿ ನಡುವಿನ ನಮ್ಮ ಹಳ್ಳಿಯ ಏಕೋಪಾಧ್ಯಾಯ ಶಾಲೆಯಲ್ಲಿ ಇದಕ್ಕೆ ಒಂದು ತಿಂಗಳು ಸಾಕು ಎಂದು ಲೆಕ್ಕ ಹಾಕಿದೆ. ನನ್ನ ಲೆಕ್ಕ ಯಾವತ್ತೂ ಸ್ವಲ್ಪ ಕಚ್ಚಾ.

ಮರುದಿನವೇ ಸಿದ್ದಪ್ಪ ಬಂದ. ಅವನ ಮಗಳು ನೀಲವ್ವ ನಾಲ್ಕನೇ ತರಗತಿ. ಓದುವುದರಲ್ಲಿ ಜಾಣೆ, ಆದರೆ ಶಾಲೆಯಲ್ಲಿ ಬಾಯಿ ಬಿಟ್ಟವಳಲ್ಲ. ಹಾಜರಿ ಕರೆದರೆ ಬರೀ ಕೈ ಎತ್ತುತ್ತಿದ್ದಳು.

"ಮಾಸ್ತರ, ನಾಳಿಂದ ನೀಲವ್ವ ಬರಾಂಗಿಲ್ರಿ. ನಾಕು ವರ್ಷ ಆತು, ನಾಕು ಮಾತು ಬರವಲ್ದು. ಎಮ್ಮಿ ಕಾಯಾಕ ಮಾತು ಬೇಕಾಗಿಲ್ಲ."

ನನಗೆ ಸಿಟ್ಟೇ ಬಂತು. ಶಿಬಿರದ ಬಿಸಿ ಇನ್ನೂ ಆರಿರಲಿಲ್ಲ ನೋಡಿ!

"ಸಿದ್ದಪ್ಪ, ಬರೋ ತಿಂಗಳ ಸಾಲಿ ಗ್ಯಾದರಿಂಗ್ ಐತಿ. ನಿನ್ನ ಮಗಳು ಇನ್‌ಸ್ಪೆಕ್ಟರ್ ಸಾಹೇಬರ ಮುಂದ ಮೈಕಿನ್ಯಾಗ ಮಾತಾಡ್ತಾಳ. ಮಾತಾಡಲಿಲ್ಲಂದ್ರ ಕರಕೊಂಡು ಹೋಗು. ಮಾತಾಡಿದಳಂದ್ರ ಏಳನೇತ್ತ ತನಕ ಕಳಸಬೇಕು. ಏನಂತಿ?"

"ಆತ್ರಿ" ಎಂದ ಸಿದ್ದಪ್ಪ, ಎಮ್ಮೆಗೆ ಆಗಲೇ ಹೊಸ ಹಗ್ಗ ಕೊಂಡವನ ಧೈರ್ಯದಲ್ಲಿ.

ಕಾರ್ಯಾಚರಣೆ ಆರಂಭವಾಯಿತು. ಮೊದಲು ಆತ್ಮವಿಶ್ವಾಸ. ಎಲ್ಲರನ್ನೂ ಊರ ಬಾವಿಯ ಕಟ್ಟೆಗೆ ಕರೆದೊಯ್ದು, "ಬಾವಿಯೊಳಗೆ ಬಗ್ಗಿ ನಿಮ್ಮ ನಿಮ್ಮ ಹೆಸರು ಜೋರಾಗಿ ಕೂಗಿರಿ" ಎಂದೆ. ನಲವತ್ತು ಮಕ್ಕಳು ಒಮ್ಮೆಲೇ ಕೂಗಿದರು. ನೀರು ಸೇದುತ್ತಿದ್ದ ಹೆಣ್ಣುಮಕ್ಕಳ ಎರಡು ಕೊಡ ಹಗ್ಗ ಸಮೇತ ಬಾವಿ ಸೇರಿದವು. ನೀಲವ್ವ ಮಾತ್ರ ಕೂಗಲಿಲ್ಲ. ಆ ದಿನ ಕೂಗಿದವರು ಕೊಡಗಳ ಒಡತಿಯರು, ಅದೂ ನನ್ನ ಹೆಸರು ಹಿಡಿದು!

ನಂತರ ಕೃತಜ್ಞತೆ. "ದಿನಾ ಒಬ್ಬರಿಗೆ ಉಪಕಾರ ಆಯಿತು ಅಂತ ಹೇಳಿ ಬನ್ನಿ" ಎಂದು ಅಪ್ಪಣೆ ಮಾಡಿದೆ. ಮೂರನೇ ತರಗತಿಯ ಬಸ್ಯಾ ನಿಂಬೆ ತೋಟದ ಇಮಾಮಸಾಬರ ಮುಂದೆ ಕೈಕಟ್ಟಿ ನಿಂತು, "ಕಾಕಾ, ದಿನಾ ನಿಮ್ಮ ನಿಂಬಿಕಾಯಿ ಹರಕೊಂಡು ಹೋಗ್ತೇನ್ರಿ. ಭಾಳ ಉಪಕಾರ ಆತ್ರಿ" ಎಂದನಂತೆ. ಇಮಾಮಸಾಬರು ಬಡಿಗೆ ಹಿಡಿದು ಸೀದಾ ಶಾಲೆಗೆ ಬಂದರು.

"ಮಾಸ್ತರ, ಮೊದಲ ಕದೀಬಾರದು ಅಂತ ಕಲಸ್ರಿ. ಉಪಕಾರ ಆಮ್ಯಾಲ ಕಲಸೀರಂತ!"

ಕೃತಜ್ಞತೆ ಕಲಿತ ಮಗು ಏನೆಲ್ಲ ಹೊರಹಾಕಬಹುದು ಎಂಬುದನ್ನು ನಾನು ಅಂದೇ ತಿಳಿಯಬೇಕಿತ್ತು. ತಿಳಿಯಲಿಲ್ಲ.

ಗ್ಯಾದರಿಂಗಿಗೆ ವಾರ ಉಳಿದಾಗ ನನಗೊಂದು ಮಹಾ ಉಪಾಯ ಹೊಳೆಯಿತು. ನೀಲವ್ವನಿಗೆ ವಂದನಾರ್ಪಣೆ ಕೊಡುವುದು! ವಂದನಾರ್ಪಣೆಯನ್ನು ಯಾರೂ ಕೇಳುವುದಿಲ್ಲ. ಅಷ್ಟರಲ್ಲಿ ಅತಿಥಿಗಳಿಗೆ ಚಹಾ ಬಂದಿರುತ್ತದೆ, ಜನ ಚಪ್ಪಲಿ ಹುಡುಕುತ್ತಿರುತ್ತಾರೆ. ತಪ್ಪಿದರೂ ನಡೆಯುತ್ತದೆ. "ಅತ್ಯಂತ ವಿನಮ್ರಭಾವದಿಂದ ಹೃತ್ಪೂರ್ವಕ ಧನ್ಯವಾದಗಳನ್ನು ಸಮರ್ಪಿಸಲು ಹರ್ಷಿಸುತ್ತೇನೆ" ಎಂದು ಒಂದು ಪುಟ ಬರೆದುಕೊಟ್ಟೆ. ನನ್ನ ಹೆಂಡತಿ ಗಂಗಾ ಮುದ್ದೇಬಿಹಾಳದವಳು, ಮೆಟ್ರಿಕ್ ಪಾಸಾದವಳು. ಅದನ್ನು ಓದಿ ನಕ್ಕಳು.

"ಏನ್ರಿ, ಇದನ್ನ ನಿಮಗರ ಒಂದ ಉಸಿರಿಗಿ ಹೇಳಾಕ ಬರತೈತೇನು?"

ಬರಲಿಲ್ಲ. ಆದರೂ ನಾನು ಹಠ ಬಿಡಲಿಲ್ಲ. ವಾರವಿಡೀ ನೀಲವ್ವ ಆ ಚೀಟಿಯನ್ನು ತುಟಿ ಅಲುಗಿಸಿ ಓದಿದಳು. ದನಿ ಮಾತ್ರ ಹೊರಬರಲಿಲ್ಲ.

ಆ ದಿನ ಬಂತು. ಇನ್‌ಸ್ಪೆಕ್ಟರ್ ಸಾಹೇಬರು ಕುರ್ಚಿಯಲ್ಲಿ, ಊರೆಲ್ಲ ಜಮಖಾನೆಯ ಮೇಲೆ. ಹಾಡು, ಕೋಲಾಟ, ಭಾಷಣ ಎಲ್ಲ ಮುಗಿದವು. ನೀಲವ್ವ ಮೈಕಿನ ಮುಂದೆ ನಿಂತಳು. ಒಂದು ನಿಮಿಷ ಹೋಯಿತು. ಎರಡು ನಿಮಿಷ ಹೋಯಿತು. ಸಿದ್ದಪ್ಪ ಎದ್ದು ರುಮಾಲು ಸರಿಮಾಡಿಕೊಂಡ. ಈ ಹುಡುಗಿಯನ್ನು ಎಮ್ಮೆಯ ಹಿಂದೆ ಕಳಿಸಲಾರೆ! ಪರದೆಯ ಹಿಂದಿನಿಂದ ಪಿಸುಗುಟ್ಟಿದೆ:

"ಚೀಟಿ ಒಗಿ, ನೀಲವ್ವ! ಯಾರಿಂದ ನಿನಗ ಛಲೋ ಆಗೇತಿ, ಖರೇ ಏನೈತಿ ಅದನ್ನ ಹೇಳು!"

ನನ್ನ ಪಿಸುಮಾತು ಮೈಕಿನಲ್ಲಿ ಊರಿಗೆಲ್ಲ ಕೇಳಿಸಿತು. ನೀಲವ್ವ ಚೀಟಿ ಎಸೆದೇಬಿಟ್ಟಳು.

"ಸಾಲ್ಯಾಗ ಉಪ್ಪಿಟ್ಟು ಮಾಡೋ ಕಾಶಿಂಬಿ ದೊಡ್ಡವ್ವಗ ಉಪಕಾರ. ತಳದಾಗಿಂದು ಕೆರದು ನನಗ ಕೊಡ್ತಾಳ."

ಜನ ನಕ್ಕರು. ಕಾಶಿಂಬಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಮ್ಮಪ್ಪಗ ಉಪಕಾರ. ಇಷ್ಟು ದಿನ ತಾನ ಎಮ್ಮಿ ಕಾದು ನನ್ನ ಸಾಲಿಗಿ ಕಳಿಸ್ಯಾನ."

ಸಿದ್ದಪ್ಪ ನಿಂತಲ್ಲೇ ಕುಳಿತ. ನಾನು ಗೆದ್ದೆ! ಆ ಕ್ಷಣದಲ್ಲೇ ಮೈಕಿನ ವೈರು ಕಿತ್ತಿದ್ದರೆ ನಾನು ಇಂದಿಗೂ ದೊಡ್ಡ ಮನುಷ್ಯನಾಗಿರುತ್ತಿದ್ದೆ.

"ಅಕ್ಕಾರಿಗಿ ಉಪಕಾರ" ಎಂದು ನೀಲವ್ವ ನನ್ನ ಹೆಂಡತಿಯ ಕಡೆ ಕೈ ಮಾಡಿದಳು. "ಗುರುಗೋಳು ಸೋಮವಾರ ಸಂತಿಗಿ ಹೋದಾಗ ಅವರ ಬಂದು ನಮಗ ಲೆಕ್ಕ ಕಲಸ್ತಾರ."

ಸಾಹೇಬರು ಚಹಾದ ಬಟ್ಟಲು ಕೆಳಗಿಟ್ಟರು. "ಯಾವ ಸೋಮವಾರ, ತಂಗಿ?"

"ಎಲ್ಲಾ ಸೋಮವಾರ್ರಿ."

ನನ್ನ ಕಾಲ ಕೆಳಗಿನ ನೆಲ ಬಿರಿಯಬಾರದೇ? ಬಿರಿಯಲಿಲ್ಲ. ಗಟ್ಟಿ ಕಲ್ಲುನೆಲ.

"ಗುರುಗೋಳಿಗೂ ಉಪಕಾರ" ಎಂದಳು. ಬದುಕಿದೆ ಎಂದುಕೊಂಡೆ. "ಮಧ್ಯಾಹ್ನ ಅವರು ಮಕ್ಕೊಂಡಾಗ ಯಾರೂ ಗದ್ಲಾ ಮಾಡಾಂಗಿಲ್ರಿ. ಓದಾಕ ಛಲೋ ಆಗತೈತಿ."

ವಂದನಾರ್ಪಣೆಗೆ ಅಂಥ ಚಪ್ಪಾಳೆ ಬಿದ್ದದ್ದನ್ನು ನಾನು ಹಿಂದೆ ಕಂಡಿರಲಿಲ್ಲ, ಮುಂದೆಯೂ ಕಾಣಲಿಲ್ಲ. ಖರೇ ಹೇಳುತ್ತೇನೆ, ಆ ಹೆದರಿಕೆಯಲ್ಲೂ ನನ್ನ ಕಣ್ಣು ತುಂಬಿದವು. ಎಂಥ ದನಿ ಆ ಹುಡುಗಿಯದು! ನಾಲ್ಕು ವರ್ಷ ಎಲ್ಲಿಟ್ಟಿದ್ದಳೋ.

ಮರುದಿನ ಸಿದ್ದಪ್ಪ ಬಂದು, "ಏಳನೇತ್ತ ತನಕ ಓದಲಿ, ಮಾಸ್ತರ. ಈಕಿ ಬಾಯಿ ಮನ್ಯಾಗ ಇಟಗೊಳ್ಳೂದಕಿಂತ ಸಾಲ್ಯಾಗ ಇರೂದ ಛಲೋ" ಎಂದು ನಕ್ಕು ಹೋದ. ಅವನ ಬೆನ್ನಿಗೇ ಸಾಹೇಬರ ಕಚೇರಿಯಿಂದ ಮೆಮೊ ಬಂತು. ಅದಕ್ಕೆ ನಾನು ಬರೆದ ಸಮಜಾಯಿಷಿಯ ತಪ್ಪುಗಳನ್ನು ಗಂಗಾ ತಿದ್ದಿಕೊಟ್ಟಳು.

ಮುಂದಿನ ಸೋಮವಾರ ನಾನು ಸಂತೆಯನ್ನು ತ್ಯಜಿಸಿ, ದೃಢ ಹೆಜ್ಜೆಯಿಡುತ್ತ ಶಾಲೆಗೆ ಹೋದೆ. ಹಲಗೆಯ ಮೇಲೆ ದೊಡ್ಡದೊಂದು ಭಾಗಾಕಾರ ಮಾಡಿ ತಿರುಗಿದೆ. ಮಕ್ಕಳ ಮುಖ ಬಾಡಿದ್ದವು. ನೀಲವ್ವ ಎದ್ದು ನಿಂತಳು. ಈಗ ಅವಳಿಗೆ ಮೈಕು ಬೇಕಿರಲಿಲ್ಲ.

"ಗುರುಗಳ, ನೀವು ಸಂತಿಗಿ ಹೋಗಾಂಗಿಲ್ಲೇನ್ರಿ? ಲೆಕ್ಕ ತಪ್ಪೈತ್ರಿ."

ಹಲಗೆ ನೋಡಿದೆ. ತಪ್ಪೇ ಆಗಿತ್ತು! ಒರೆಸಿದೆ.

"ಉಪಕಾರ ಆತವ್ವ" ಎಂದೆ. "ಓಡಿ ಹೋಗಿ ಅಕ್ಕಾರನ್ನ ಕರಕೊಂಡು ಬಾ."